ಕಲೆ

ಫರ್ವಾನಿಯಾದ ಲಾಂಡ್ರಿಗೆ ಮತ್ತೆ ಬಂದಿದೆ
ತಿಜಾನಿಯ ಬಿಳಿ ಅಂಗಿ.
ಮೊನ್ನೆಯಷ್ಟೇ ಗಂಜಿ ಹಾಕಿಸಿ
ಎರಡೆರಡು ಸಲ ಇಸ್ತ್ರಿ ಮಾಡಿಸಿದ್ದ.
"ಮದುವೆಯಾ ಮಾರಾಯ?" ಎಂದರೆ
"ಓಟು" ಎಂದ. "ಅಧ್ಯಕ್ಷನಿಗೆ. ನಾವೇ ಹಾಕುವುದು."

ಮೂವತ್ತೊಂದು ವರ್ಷ ಅವನ ದೇಶದಲ್ಲಿ
ತಲೆ ಎಣಿಸಿದ್ದು ಬೂಟುಗಳು.

ರಾಯಭಾರ ಕಚೇರಿಯ ಹೊರಗೆ, ಆ ಬಿಸಿಲಲ್ಲಿ,
ಐದು ತಾಸು ನಿಂತನಂತೆ.
ಮುಂದಿನವ ತಲೆಸುತ್ತಿ ಬಿದ್ದಾಗ
ಅವನ ಜಾಗಕ್ಕೆ ಚಪ್ಪಲಿ ಇಟ್ಟು
ಕಾಯ್ದರಂತೆ ಎಲ್ಲರೂ.

ಈಗ ತೋಳಿನ ತುದಿಗೆ ನೇರಳೆ ಶಾಯಿ.
ನಿಂಬೆ, ಸ್ಪಿರಿಟ್ಟು, ನನ್ನಲ್ಲಿ ಎಲ್ಲ ಉಂಟು.
ಕೈ ಹಿಡಿದ: "ಅದೊಂದು ಬಿಡು."

ಚೀಟಿಯಲ್ಲಿ ಬರೆದೆ:
ಕಲೆ ಉಂಟು, ಗಿರಾಕಿಗೆ ಗೊತ್ತುಂಟು.

ಊರಲ್ಲಿ ನನ್ನ ಹೆಸರಿನ ಓಟು
ಈ ಹತ್ತೊಂಬತ್ತು ವರ್ಷ ಯಾರು ಹಾಕಿದರೋ.
ನನ್ನ ಬೆರಳಿಗೆ ಹತ್ತಿದ್ದು
ಬಟ್ಟೆಯ ನೀಲಿ ಮಾತ್ರ.