ಕಳೆದದ್ದು ಎಂದು ಬರೆದಿದೆ

ಹಾನ್ಯಾದ ಚೂರಿಗಾರರ ಓಣಿಯಲ್ಲಿ
ಅಪ್ಪನಿಂದ ಬಂದ ಒಂದು ಮೇಜು, ಒಂದು ಭೂತಗನ್ನಡಿ ನನ್ನದು.
ಕಲ್ಲಿರೋಯಿ ಕರವಸ್ತ್ರ ಬಿಚ್ಚಿದಳು:
"ಅಜ್ಜಿಯ ಹಿಟ್ಟಿನ ಡಬ್ಬಿಯೊಳಗಿತ್ತು. ಯಾರದ್ದು, ಹೇಳು."

ಕಪ್ಪು ಮುಖ. ಕತ್ತಲಲ್ಲಿ ಹೊಳೆಯುತ್ತಿದ್ದ ಅಂಕಿಗಳಿಗೆ
ಈಗ ಹಳೆ ಜೇನಿನ ಬಣ್ಣ.
ಗಂಟೆಯ ಮುಳ್ಳು ಮಾತ್ರ ಬೇರೆ ಗಡಿಯಾರದ್ದು,
ತುಸು ಗಿಡ್ಡ.
ಬೆನ್ನ ಮೇಲೆ ಸರಕಾರಿ ಬಾಣ, ಕೆಳಗೆ ಐದಂಕಿ;
ಕೊನೆಯದು ಒಂದೋ ಏಳೋ, ಬೆವರು ತಿಂದಿದೆ.

ಮುಚ್ಚಳ ತೆಗೆದೆ.
ಒಳಗೆ ನಮ್ಮ ಕಸುಬಿನವರು ಗೀರಿಟ್ಟ ಗುರುತು,
ಗಿರಾಕಿಗೆ ಕಾಣದ ಲೆಕ್ಕ.
ಒಂದು ಅಲೆಕ್ಸಾಂಡ್ರಿಯಾದ್ದಿರಬೇಕು, ಅರಬ್ಬೀ ಅಂಕಿ,
ನಲವತ್ತೊಂದರ ಮಾರ್ಚ್.
ಇನ್ನೊಂದು ಐವತ್ತಮೂರು,
ಪಕ್ಕದಲ್ಲಿ ಬಾಲ ಉದ್ದದ ಝೀಟಾ.
ಭೂತಗನ್ನಡಿ ಕೆಳಗಿಟ್ಟು ಬರಿಗಣ್ಣಲ್ಲೂ ನೋಡಿದೆ.
ಅದು ಅಪ್ಪನ ಕೈ.
ಗಿಡ್ಡ ಮುಳ್ಳೂ ಹಾಗಾದರೆ ಅವನದೇ.

ಎರಡೂ ಸಂಖ್ಯೆ ಬರೆದು ವೆಲಿಂಗ್ಟನ್ನಿಗೆ ಕಾಗದ ಹಾಕಿದೆ.
ಏಳು ತಿಂಗಳ ಮೇಲೆ ಒಂದು ಹಾಳೆಯ ನಕಲು:
ಒಂದಕ್ಕೆ ಮುಗಿಯುವುದು ಬೆಂಘಾಜಿಯಲ್ಲಿ ಟ್ರಕ್ಕಿನೊಂದಿಗೆ ಸುಟ್ಟಿದೆ.
ಏಳಕ್ಕೆ ಮುಗಿಯುವುದು, ಟ್ರೆಲೋರ್, ಹಗ್; ಸಿಗ್ನಲ್ ತುಕಡಿ;
ಕ್ರೀಟಿನಿಂದ ಹನ್ನೊಂದು ತಿಂಗಳು ತಡವಾಗಿ ಮರಳಿದ.
ಗಡಿಯಾರ: ಸ್ವಂತ ಅಜಾಗರೂಕತೆಯಿಂದ ಕಳೆದದ್ದು.
ಸಂಬಳದಲ್ಲಿ ಮೂರು ಪೌಂಡ್ ಮುರಿದುಕೊಳ್ಳತಕ್ಕದ್ದು.

ಕಲ್ಲಿರೋಯಿ ಎರಡು ಸಲ ಓದಿಸಿಕೊಂಡಳು.
ಆಮೇಲೆ, ನನ್ನ ಮುಖ ನೋಡದೆ:
ಆ ಚಳಿಗಾಲ ಬಿಳಿ ಬೆಟ್ಟದ ಮೇಲೆ,
ಕುರಿಗಾಹಿಗಳು ಹಾಲು ಕಾಸುವ ಕಲ್ಲುಗುಡಿಸಲಿಗೆ
ಅಜ್ಜಿ ಬಸವನಹುಳು ಬೇಯಿಸಿ
ಹೊತ್ತು ಹೊತ್ತಿಗೆ ಹೊತ್ತೊಯ್ದಳಂತೆ.
ಹೆಸರು ಕೇಳಲಿಲ್ಲವಂತೆ. ಗೊತ್ತಿದ್ದದ್ದನ್ನು
ಬಾಯಿಬಿಡಿಸಲು ಜರ್ಮನರಿಗೆ ಬರುತ್ತಿತ್ತು;
ಪಕ್ಕದ ಊರು ಅಷ್ಟಕ್ಕೇ ಬೂದಿಯಾಗಿತ್ತು.

ನಿನಗೂ ಅದು ಗೊತ್ತಿತ್ತು, ಅಲ್ಲವೇ ಹಗ್?
ಕೈರೋದ ಗುಮಾಸ್ತನೆದುರು ನಿಂತು
"ಕೊಟ್ಟೆ" ಅಂದಿದ್ದರೆ
"ಯಾರಿಗೆ?" ಅನ್ನುತ್ತಿದ್ದ, ಬರೆದುಕೊಳ್ಳುತ್ತಿದ್ದ,
ಕಾಗದ ಎಲ್ಲೆಲ್ಲಿ ಹೋಗುತ್ತದೆ ಯಾರು ಬಲ್ಲರು.
"ಕಳೆದೆ" ಅಂದೆ.

ಅಪ್ಪ? ಅವನೂ ಬಾಣ ನೋಡಿರಲೇಬೇಕು.
ಮುಳ್ಳು ಹಾಕಿದ, ಕೀಲಿ ಕೊಟ್ಟ, ಮುಚ್ಚಿದ.
ಮನೆಯಲ್ಲಿ ಆ ಸಂಜೆ ಎಂದಿನಂತೆ
ಆಲಿವ್ ಬೀಜ ಉಗುಳುತ್ತ ಪತ್ರಿಕೆ ಓದಿರಬೇಕು.

ಸ್ಪ್ರಿಂಗು ಹೊಸದು ಹಾಕಿದ್ದೇನೆ.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ,
ತಿದ್ದಬಹುದಿತ್ತು, ಅವಳು ಬೇಡ ಅಂದಳು.
ಗಿಡ್ಡ ಮುಳ್ಳನ್ನು ನಾನೇ ಮುಟ್ಟಲಿಲ್ಲ.
ಝೀಟಾದ ಬಾಲದ ಕೆಳಗೆ ಎಳ್ಳಷ್ಟು ಜಾಗವಿತ್ತು, ಗೀರಿದೆ.

ಬಾಗಿಲಲ್ಲಿ ತಿರುಗಿ ಕೇಳಿದಳು:
ಆ ಮೂರು ಪೌಂಡು
ಬಡ್ಡಿ ಸೇರಿ ಈಗ ಎಷ್ಟಾಗಿರಬಹುದು?
ನನಗೆ ಆ ಲೆಕ್ಕ ಬರುವುದಿಲ್ಲ.