ಹಳೆ ಚೀಟಿ ಕೀಳಬಾರದು

ಶ್ರೂಸ್‌ಬರಿಯಲ್ಲಿ ಗುರುವಾರ. ಮ್ಯೂಸಿಯಮ್ಮಿನ ಅಟ್ಟದಲ್ಲಿ
ಹೀಟರ್ ಅರೆಮನಸ್ಸಿನಿಂದ ಉರಿಯುತ್ತದೆ.
ನನ್ನೆದುರು ಹದಿನೇಳನೇ ಡಬ್ಬಿ:
ಎಡಿತ್ ಪ್ಲಮ್ಲಿ ಎಂಬ ಶಾಲಾ ಟೀಚರು
ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ
ಪೇಪರು ಮಡಿಚಿ ಕಟ್ಟಿದ ಪೊಟ್ಟಣಗಳು,
ಕಡಲೆಪುರಿ ಕಟ್ಟಿದ ಹಾಗೆ.

ಬಿಚ್ಚಿದರೆ ಬೀಚ್ ಮರದ ತೊಗಟೆ,
ಮೇಲೆ ಕೆಂಗಂದು ಗುಳ್ಳೆ,
ಬೆಲ್ಲದ ಪಾಕ ಸಿಡಿದು ಅಲ್ಲೇ ಆರಿದಂತೆ.
ಚೀಟಿಯಲ್ಲಿ ಓರೆ ಅಕ್ಷರ: ಹೈಪೋಕ್ರಿಯಾ ರೂಫಾ.
ಪಕ್ಕದ ಪೊಟ್ಟಣ. ಅದೇ ಮರ, ಅದೇ ದಿನ.
ಒಳಗೆ ಹಸಿರು ಹಿಟ್ಟು: ಟ್ರೈಕೋಡರ್ಮಾ ವಿರಿಡೆ.

ಹೆಸರು ಎರಡು, ಜೀವ ಒಂದೇ.
ಕೂಡಿ ಹೆತ್ತಾಗ ಕೆಂಪು, ಅದಕ್ಕೊಂದು ಹೆಸರು.
ಕೂಡದೆ ತಾನೇ ತಾನಾಗಿ ಉದುರಿದಾಗ ಹಸಿರು,
ಅದಕ್ಕಿನ್ನೊಂದು. ಬೇರೆ ಪುಟ, ಬೇರೆ ಕುಲ.
ನೂರು ವರ್ಷ ಕಾನೂನೇ ಹಾಗಿತ್ತು.

ಮಸೂರದಡಿ ಚೀಲ ಕಾಣುತ್ತದೆ.
ಚೀಲವೇ ಈ ಇಡೀ ವಂಶದ ಗುರುತು;
ಕೊಡೆ ಬಿಡಿಸುವ ಅಣಬೆಗಳದು ಬೇರೆ ಬಳಗ.
ಒಂದು ಚೀಲಕ್ಕೆ ಎಂಟು ಕಣ, ಸಾಲಾಗಿ,
ಸ್ಕೂಲ್ ಬಸ್ಸಿನ ಮಕ್ಕಳ ಹಾಗೆ,
ಇದರಲ್ಲಿ ಮಾತ್ರ ಒಂದೊಂದೂ ಎರಡಾಗಿ ಮುರಿದು ಹದಿನಾರು.
ಎಣಿಸುತ್ತೇನೆ. ಹದಿನೈದು.
ಕನ್ನಡಕ ಒರೆಸಿ ಮತ್ತೆ ಎಣಿಸುತ್ತೇನೆ.

ಕ್ಯೂರೇಟರ್ ಗ್ವಿಲಿಮ್ ಹೇಳುತ್ತಾನೆ, ಚಹಾ ಹೀರುತ್ತ:
ಈಗ ಒಂದಕ್ಕೆ ಒಂದೇ ಹೆಸರು.
ಸಾಮಾನ್ಯವಾಗಿ ಮೊದಲು ಅಚ್ಚಾದದ್ದು ಉಳಿಯುತ್ತದೆ.
ಇಲ್ಲಿ ಹಸಿರು ಉಳಿಯಿತು, ಕೆಂಪು ಹೋಯಿತು.

ನನಗೆ ನಗು ಬಂತು. ಯಾಕೆಂದು ಅವನಿಗೆ ಹೇಗೆ ಹೇಳಲಿ,
ತಟ್ಟೆಯ ಅಕ್ಕಿಯ ಮೇಲೆ
ಉಂಗುರದಿಂದ ಬರೆದ ನಾಲ್ಕಕ್ಷರ?
ಚೂಡಾಮಣಿ ಹೊಸಿಲು ದಾಟಿ
ಸುಮಂಗಲೆ ಆಗಿ ಒಳಗೆ ಬಂದದ್ದು?
ಆ ಅಕ್ಕಿ ಮಾರನೇ ದಿನ ಅನ್ನವಾಯಿತು.
ಹೆಸರು ಪಾಸ್‌ಪೋರ್ಟಿನವರೆಗೂ ಬಂತು.

ತಮ್ಮನ ಬಾಯಲ್ಲಿ ಮಾತ್ರ ಇನ್ನೂ ಚೂಡಿ.
ಅಲ್ಲೇನೇ ಕೆಲಸ, ಅಂದ ಫೋನಿನಲ್ಲಿ.
ಟ್ರೈಕೋಡರ್ಮಾ ಅಂದೆ.
“ಅಯ್ಯ, ಅದು ನಮ್ಮಲ್ಲೂ ಸಿಗುತ್ತಲ್ಲೇ ಚೂಡಿ,
ಪ್ಯಾಕೆಟ್ಟಲ್ಲಿ! ಗೊಬ್ಬರಕ್ಕೆ ಕಲಸಿ
ಶುಂಠಿ ಪಾತಿಗೆ ಹಾಕ್ತೀವಿ.”
ಕೆಂಪಿನ ಹೆಸರು ಅವನು ಕೇಳೇ ಇರಲಿಲ್ಲ.

ಹೊಸ ಚೀಟಿ ಬರೆಯುತ್ತೇನೆ, ಮಾಸದ ಮಸಿಯಲ್ಲಿ.
ಕೈ ಹಳೆಯದರ ಅಂಚಿಗೆ ಹೋದಾಗ
ಗ್ವಿಲಿಮ್ ಕೆಮ್ಮಿದ:
ಕೀಳಬಾರದು. ಪಕ್ಕಕ್ಕೆ ಅಂಟಿಸಿ.
ತಪ್ಪಿದ್ದರೂ ಅದು ದಾಖಲೆ.

ಅಂಟಿಸಿದೆ. ಎಡಿತಳ ಓರೆ ಅಕ್ಷರದ ಮಗ್ಗುಲಲ್ಲಿ
ನನ್ನ ದುಂಡಕ್ಷರ.
‘ಗುರುತಿಸಿದವರು’ ಎಂಬಲ್ಲಿ ಪೆನ್ನು ನಿಂತು
ಒಂದು ಚುಕ್ಕೆ ಮಸಿ ಊರಿತು.
ಸೆವರ್ನ್ ನದಿಯ ಗಾಳಿಗೆ ಕಿಟಕಿ ಗಡಗಡ ಅಂದಿತು.
ಬರೆದೆ.

ಗ್ವಿಲಿಮ್ ಬಗ್ಗಿ ಓದಿದ, ನಾಲಿಗೆ ತೊಡರಿ:
ಚೂ... ಡಾ... ಯಾರಿದು?
ಮೊದಲು ಅಚ್ಚಾದದ್ದು, ಅಂದೆ.
ಅವನು ಕೆಟಲ್ ಹಚ್ಚಲು ಎದ್ದು ಹೋದ.
ಡಬ್ಬಿಯಲ್ಲಿ ಇನ್ನೂ ನಲವತ್ತು ಪೊಟ್ಟಣ.