ಐದರ ದಂಡೆ, ನಾಲ್ಕರ ದಂಡೆ

ಬಂಗಾರೆವ್ವ ಕಾಗದ ತಂದಳು, ಗೋಂದು ಇನ್ನೂ ಹಸಿ.
ಒಳಗಿನದು ಆಕೆಯೇ ಬರೆದದ್ದು, ರಾತ್ರಿಶಾಲೆಯ ಅಕ್ಷರ;
ಅಂಕಿಗೆ ಮಾತ್ರ ಹೆದರುತ್ತಾಳೆ.
ಹಾಗಾಗಿ ವಿಳಾಸ ನನ್ನ ಪಾಲಿಗೆ:
ಸುಗಲಾಬಾಯಿ, ಗಿರಣಿಯ ಮಗ್ಗುಲ ಮನೆ,
ಊರು, ತಾಲೂಕು, ಜಿಲ್ಲೆ ಸೊಲ್ಲಾಪುರ.
ಮನುಷ್ಯರ ವಿಳಾಸ ಹೊಸ್ತಿಲಿಂದ ಹೊರಟು
ಅಗಲವಾಗುತ್ತ ಅಗಲವಾಗುತ್ತ ಹೋಗುತ್ತದೆ;
ಕೆಳಗಿನ ಆರು ಅಂಕಿ ಮಾತ್ರ
ದೇಶದ ಕಡೆಯಿಂದ ಒಳಕ್ಕೆ ನಡೆದು ಬರುತ್ತವೆ.

"ಇಷ್ಟುದ್ದ ಯಾಕೋ ತಮ್ಮಾ, ಅಕಿ ಅಲ್ಲೇ ಅದಾಳಲ್ಲ?"
ಕೈ ಮಾಡಿದಳು. ಭೀಮೆಯ ಆಚೆ ದಂಡೆ.
ಒಣಹಾಕಿದ ಸೀರೆಯ ಬಣ್ಣ ಇಲ್ಲಿಗೇ ಕಾಣುತ್ತದೆ,
ಗಾಳಿ ತಿರುಗಿದರೆ ಗಿರಣಿಯ ಸದ್ದೂ.

ಖರೆ ಯವ್ವಾ. ಆದರೆ ಈ ದಂಡೆ ಐದು, ಆ ದಂಡೆ ನಾಲ್ಕು.
ಐದರಲ್ಲಿ ಕನ್ನಡ ತೆಲುಗು ಒಂದೇ ಜಮಖಾನದ ಮೇಲೆ;
ಪಕ್ಕದಲ್ಲಿ ಎಂಟು ಕೂತರೆ ನಮ್ಮ ಬಡಗಣ ಸೀಮೆ,
ಮುಂದೆ ಆರು ಅಂದರೆ ವಿಜಾಪುರ.
ಉಳಿದ ಮೂರಕ್ಕೆ ಒಂದು ಅಂಚೆಮನೆ,
ಆ ಅಂಚೆಮನೆಗೆ ನಮ್ಮಂಥ ಹನ್ನೊಂದು ಹಳ್ಳಿ.
ಅಲ್ಲಿಗೆ ಅಂಕಿ ಮುಗೀತು.
ಯಾವ ಹಳ್ಳಿ, ಯಾವ ಓಣಿ, ಯಾವ ನಾಯಿ ಕಚ್ಚುತ್ತದೆ,
ಅದೆಲ್ಲ ನನ್ನ ಸೈಕಲ್ಲಿಗೆ ಗೊತ್ತು.

ನಿನ್ನ ಕಾಗದ ಮೊದಲು ಮಗಳಿಗೆ ಬೆನ್ನು ತಿರುಗಿಸಿ
ಇಂಡಿಗೆ ಹೋಗುತ್ತದೆ, ನಿಂಬೆಹಣ್ಣಿನ ಚೀಲಗಳ ಜೊತೆ.
ವಿಜಾಪುರದಲ್ಲಿ ಯಾವನೋ ನಿದ್ದೆಗಣ್ಣಲ್ಲಿ
ನಾಲ್ಕನ್ನು ನೋಡಿ ನಾಲ್ಕರ ಗೂಡಿಗೆ ಎಸೆಯುತ್ತಾನೆ,
ಹೆಸರು ಓದುವುದೇ ಇಲ್ಲ.
ರಾತ್ರಿ ಇದೇ ಹೊಳೆಯನ್ನು ಬೇರೆಲ್ಲೋ ದಾಟಿ
ಸೊಲ್ಲಾಪುರ, ಮತ್ತೊಂದು ಚೀಲ, ಮತ್ತೊಬ್ಬನ ಸೈಕಲ್ಲು.
ನಾಲ್ಕು ದಿನ. ಒಮ್ಮೊಮ್ಮೆ ಆರು.

ಹರಗೋಲಿನ ಲಾಯಪ್ಪ ಬಾಗಿಲಲ್ಲಿ ಬೀಡಿ ಆರಿಸಿ ನಕ್ಕ:
"ಕೊಡ ಇಲ್ಲೆ. ಚಾ ಆರೂದ್ರಾಗ ಮುಟ್ಟಸ್ತೀನಿ."
ನಿಯಮ ನನ್ನ ನಾಲಿಗೆ ತುದಿಯಲ್ಲಿತ್ತು.

ಬಂಗಾರೆವ್ವ ಕಾಗದ ಎದೆಗೊತ್ತಿಕೊಂಡಳು.
"ಬ್ಯಾಡಪ್ಪ. ಹರಗೋಲದಾಗ ಹೋದ್ರ
ಕುಂತಾವ್ರೆಲ್ಲ ಕೇಳ್ತಾರ, ಏನಂತ, ಯಾಕಂತ.
ಆ ನಾಕು ನೋಡಿ ಒಗಿಯಾಂವ ಅದಾನಲ್ಲ,
ಅವಗ ನಾ ಯಾರೂ ಅಲ್ಲ.
ಅವನ ಕೈಯಾಗ ಹೋಗ್ಲಿ."

ಠಸ್ಸೆ ಹೊಡೆದೆ. ಊರಿನ ಹೆಸರು ಅರ್ಧವೇ ಮೂಡಿತು.

ಸಂಜೆ ಬಾಗಿಲು ಹಾಕಿ ದಂಡೆಗೆ ಹೋದರೆ
ಆಕೆ ಅಲ್ಲೇ ನಿಂತಿದ್ದಳು, ಸೆರಗು ಬಾಯಿಗೆ.
ಆಚೆ ಆ ಸೀರೆ ಇನ್ನೂ ತೂಗುತ್ತಿತ್ತು.
"ಮೂರು ದಿನಾ ಆತು, ಯಾರೂ ತಗದಿಲ್ಲ," ಅಂದಳು.
ಕೂಗಿದರೆ ಕೇಳುವಷ್ಟೇ ದೂರ.
ಕೂಗಲಿಲ್ಲ.